ಎದುರು ಮನೆಯ ರಾಟ್‌ವೀಲರ್‌ಗೆ ಹೆದರಬೇಕೇ?

ಪ್ರಶ್ನೆ: ನಾವು ಮೈಸೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಇದ್ದೇವೆ. ಎದುರು ಮನೆಯವರು ಕಳೆದ ವರ್ಷ ರಾಟ್‌ವೀಲರ್ ಮರಿ ತಂದರು. ಈಗ ಅದು ಆರು ವರ್ಷದ ನನ್ನ ಮಗನಿಗಿಂತ ದುಪ್ಪಟ್ಟು ತೂಕವಿದೆ. ಇದುವರೆಗೆ ಯಾರಿಗೂ ಏನೂ ಮಾಡಿಲ್ಲ. ಆದರೂ ಲಿಫ್ಟಿನ ಬಾಗಿಲು ತೆರೆದಾಗ ಅದು ಒಳಗೆ ನಿಂತಿದ್ದರೆ ನನ್ನ ಕೈಕಾಲು ತಣ್ಣಗಾಗುತ್ತವೆ. ಇಂಥ ನಾಯಿಗಳನ್ನು ಸರ್ಕಾರವೇ ನಿಷೇಧಿಸಿದೆ, ಓಡಿಸೋಣ ಎಂದು ನಿವಾಸಿಗಳ ಸಂಘದ ಕಾರ್ಯದರ್ಶಿ ಹೇಳುತ್ತಾರೆ. 'ನಾಯಿಯಲ್ಲಿ ಏನೂ ಇಲ್ಲ ಆಂಟಿ, ಎಲ್ಲಾ ಸಾಕುವವರ ಕೈಯಲ್ಲಿದೆ' ಎನ್ನುತ್ತಾನೆ ಎದುರು ಮನೆಯ ಹುಡುಗ. ಪಿಟ್‌ಬುಲ್, ರಾಟ್‌ವೀಲರ್ ತಳಿಗಳು ನಿಜಕ್ಕೂ ಹುಟ್ಟಾ ಕ್ರೂರಿಗಳೇ? ನನ್ನದು ಬರೀ ಪೂರ್ವಗ್ರಹವೇ?

ಉತ್ತರ: ಹೆದರಿದ್ದಕ್ಕೆ ನೀವು ನಾಚಿಕೊಳ್ಳಬೇಕಾಗಿಲ್ಲ. ಪೂರ್ತಿ ಬೆಳೆದ ಗಂಡು ರಾಟ್‌ವೀಲರ್ ಐವತ್ತು ಕಿಲೋ ದಾಟುತ್ತದೆ. ಅಷ್ಟು ಬಲದ ಪ್ರಾಣಿಯ ಜೊತೆ ಮುಚ್ಚಿದ ಲಿಫ್ಟಿನೊಳಗೆ ಮಗುವನ್ನು ನಿಲ್ಲಿಸಿಕೊಳ್ಳಲು ಹಿಂಜರಿಯುವ ತಾಯಿ ವಿವೇಕಿಯೇ. ನನ್ನ ತಕರಾರು ಇಷ್ಟೇ: ನೀವು ಮೂವರೂ ತಳಿಯ ಹೆಸರಿನ ಬಗ್ಗೆ ಜಗಳವಾಡುತ್ತಿದ್ದೀರಿ. ಕಾರ್ಯದರ್ಶಿಗಳಿಗೆ ಆ ಹೆಸರೇ ಅಪರಾಧ, ಹುಡುಗನಿಗೆ ಅದರಲ್ಲಿ ಏನೇನೂ ಇಲ್ಲ. ಇಬ್ಬರ ಮಾತೂ ಅರ್ಧ ಸರಿ, ಅರ್ಧ ತಪ್ಪು.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆ ರಾಜ್ಯಗಳಿಗೆ ಒಂದು ಸುತ್ತೋಲೆ ಕಳಿಸಿತು. 23 ತಳಿಗಳ ಆಮದು, ಸಂತಾನಾಭಿವೃದ್ಧಿ, ಮಾರಾಟಕ್ಕೆ ಪರವಾನಗಿ ಕೊಡಬಾರದು. ಈಗಾಗಲೇ ಮನೆಗಳಲ್ಲಿರುವವಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕು ಎಂಬುದು ಅದರ ಸಾರ. ನಿಮ್ಮ ಕಾರ್ಯದರ್ಶಿಗಳ ಕಿವಿಗೆ ಬಿದ್ದಿರುವುದು ಇದೇ. ಆ ಪಟ್ಟಿಯನ್ನು ಒಮ್ಮೆ ಓದಿ ನೋಡಬೇಕು. ಪಿಟ್‌ಬುಲ್, ರಾಟ್‌ವೀಲರ್ ಸರಿ. ಅವುಗಳ ಜೊತೆಗೆ ಟರ್ಕಿಯಲ್ಲಿ ಕುರಿ ಕಾಯುವ ಕಂಗಾಲ್, ಅಕ್‌ಬಾಶ್ ಇವೆ, ಟೋರ್ನ್ಯಾಕ್ ಇದೆ. ಕರ್ನಾಟಕದ ಪಶುವೈದ್ಯರಲ್ಲಿ ಹೆಚ್ಚಿನವರು ಇವನ್ನು ಚಿತ್ರದಲ್ಲಷ್ಟೇ ನೋಡಿರುತ್ತಾರೆ. ಜಪಾನಿನ ತೋಸಾ ನಾಯಿ 'ತೋಸಾ ಇನು' ಎಂದು ಒಂದು ಸಲ, 'ಜಪಾನೀಸ್ ತೋಸಾ' ಎಂದು ಇನ್ನೊಂದು ಸಲ, ಹೀಗೆ ಎರಡು ಕಡೆ ಕಾಣಿಸಿಕೊಂಡಿತ್ತು. 'ಟೆರಿಯರ್‌ಗಳು' ಎಂದು ಒಂದು ಇಡೀ ಕುಲವನ್ನೇ ಸೇರಿಸಲಾಗಿತ್ತು. ಮಡಿಲಲ್ಲಿ ಕೂರುವ ಎಷ್ಟೋ ಪುಟ್ಟ ನಾಯಿಗಳು ಆ ಕುಲದವೇ.

ಈ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಮೊದಲು ತಡೆಹಿಡಿಯಿತು, 2024ರ ಏಪ್ರಿಲ್ 10ರಂದು ರದ್ದುಪಡಿಸಿತು. ಸಂಬಂಧಪಟ್ಟವರ ಮಾತನ್ನೇ ಕೇಳದೆ ಹೊರಡಿಸಿದ ಆದೇಶ ಎಂಬುದು ಅದಕ್ಕೆ ಮುಖ್ಯ ಕಾರಣ. ಸರಿಯಾದ ಕ್ರಮದಲ್ಲಿ ನಿಯಮ ತರಲು ಸರ್ಕಾರಕ್ಕೆ ಅಡ್ಡಿಯಿಲ್ಲ ಎಂದೂ ನ್ಯಾಯಾಲಯ ಹೇಳಿತು. ಅಂದರೆ 'ಈ ನಾಯಿಗಳು ನಿರಪಾಯಕಾರಿ' ಎಂದು ಯಾವ ನ್ಯಾಯಾಧೀಶರೂ ಪ್ರಮಾಣಪತ್ರ ಕೊಟ್ಟಿಲ್ಲ; ಇದನ್ನು ಎದುರು ಮನೆಯ ಹುಡುಗನಿಗೂ ತಿಳಿಸಿ. ಉತ್ತರದ ಗಾಜಿಯಾಬಾದ್, ಕಾನ್ಪುರದಂಥ ಕೆಲವು ನಗರಪಾಲಿಕೆಗಳು 2022ರಲ್ಲಿ ತಮ್ಮದೇ ನಿರ್ಬಂಧಗಳನ್ನು ತಂದವು, ಅದು ಬೇರೆ ಮಾತು. ಇನ್ನು ನಿಮ್ಮ ಸಂಘ. ಸಾಕುನಾಯಿಯನ್ನು ಇಟ್ಟುಕೊಳ್ಳಬೇಡಿ ಎನ್ನುವ ಅಧಿಕಾರ ನಿವಾಸಿಗಳ ಸಂಘಕ್ಕೆ ಇಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ನಾಯಿಯನ್ನು ಹೇಗೆ ಹೊರಗೆ ತರಬೇಕು ಎಂಬ ಬಗ್ಗೆ ಸಂಘ ಮಾತಾಡಬಹುದು, ಮಾತಾಡಬೇಕು ಕೂಡ. ಅದಕ್ಕೆ ಮತ್ತೆ ಬರುತ್ತೇನೆ.

ಕೆಟ್ಟ ಹೆಸರು ಯಾವ ತಳಿಗೂ ಶಾಶ್ವತವಲ್ಲ. ಒಂದು ಕಾಲಕ್ಕೆ ಒಂದರ ಸರದಿ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಜನ ನಡುಗುತ್ತಿದ್ದುದು ಬ್ಲಡ್‌ಹೌಂಡ್ ಎಂಬ ಹೆಸರಿಗೆ. ತಪ್ಪಿಸಿಕೊಂಡ ಗುಲಾಮರನ್ನು ಬೇಟೆಯಾಡಲು ನಾಯಿಗಳನ್ನು ಬಿಡುತ್ತಿದ್ದ ಕಾಲ ಅದು. ನಂತರ ನಾಟಕ ಕಂಪನಿಗಳು ರಂಗದ ಮೇಲೂ ಅಂಥ ನಾಯಿಗಳನ್ನು ತಂದು, ಊರೂರಿಗೆ ಮೆರವಣಿಗೆ ಮಾಡಿಸಿ ಟಿಕೆಟ್ ಮಾರಿದವು. ಇವತ್ತು ಬ್ಲಡ್‌ಹೌಂಡ್ ಎಂದರೆ ಜೋಲುಕಿವಿಯ, ನೆಲ ಮೂಸುತ್ತಾ ಹೋಗುವ ಸಾಧು ಪ್ರಾಣಿ ಎಂದಷ್ಟೇ ಜನರಿಗೆ ಗೊತ್ತು. ಆಮೇಲೆ ಜರ್ಮನ್ ಶೆಫರ್ಡ್ ಸರದಿ. ಮೊದಲ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ 'ಜರ್ಮನ್' ಎಂಬ ಮಾತೇ ಬೇಡವೆಂದು ಅದನ್ನು ಅಲ್ಸೇಷಿಯನ್ ಎಂದು ಕರೆದರು. ನಮ್ಮ ಹಿರಿಯರು ಇಂದಿಗೂ ಬಳಸುವ ಹೆಸರು ಅದೇ. ಆಸ್ಟ್ರೇಲಿಯಾ 1929ರಲ್ಲಿ ಅದರ ಆಮದನ್ನೇ ನಿಷೇಧಿಸಿತು. ಅಲ್ಲಿನ ಕಾಡುನಾಯಿ ಡಿಂಗೋ ಜೊತೆ ಕೂಡಿ ಕುರಿಗಳನ್ನು ಕೊಲ್ಲುವ ಸಂತತಿ ಹುಟ್ಟೀತು ಎಂಬುದು ಕುರಿಗಾಹಿಗಳ ಭಯ. ನಿಷೇಧ ಪೂರ್ತಿ ತೆರವಾಗಿದ್ದು ಎಪ್ಪತ್ತರ ದಶಕದಲ್ಲಿ.

ನಮ್ಮ ಕಡೆ ನನ್ನ ತಲೆಮಾರಿನವರ ಭಯ ಡಾಬರ್‌ಮನ್. ಬೆಂಗಳೂರಿನ ಬಂಗಲೆಗಳ ಗೇಟಿನ ಮೇಲೆ 'ನಾಯಿ ಇದೆ ಎಚ್ಚರಿಕೆ' ಎಂಬ ಫಲಕ, ಅದರ ಪಕ್ಕದಲ್ಲಿ ಚೂಪುಕಿವಿಯ ಕಪ್ಪು ತಲೆ. ಡಾಬರ್‌ಮನ್ನಿನ ಮಿದುಳು ತಲೆಬುರುಡೆಗಿಂತ ದೊಡ್ಡದಾಗಿ ಬೆಳೆದು, ಹುಚ್ಚು ಹಿಡಿದು, ಯಜಮಾನನನ್ನೇ ಕಚ್ಚುತ್ತದೆ ಎಂದು ಶಾಲೆಯಲ್ಲಿ ನಮಗೆಲ್ಲ ಗೊತ್ತಿತ್ತು! ಯಾವ ಪ್ರಾಣಿಯಲ್ಲೂ ಹಾಗಾಗುವುದಿಲ್ಲ. ಆ ತಳಿಯನ್ನು ರೂಪಿಸಿದವನು ಜರ್ಮನಿಯ ಅಪೋಲ್ಡಾ ಊರಿನ ತೆರಿಗೆ ವಸೂಲಿಗಾರ. ಹಣದ ಚೀಲ ಹೊತ್ತು ತಿರುಗುವವನಿಗೆ ಕಾವಲಿನ ನಾಯಿ ಬೇಕಿತ್ತು, ಅಷ್ಟೇ. ಅದೇ ಡಾಬರ್‌ಮನ್ ಇವತ್ತು ನಮ್ಮ ಪೊಲೀಸ್ ಶ್ವಾನದಳದ ಹೆಮ್ಮೆ. ದಾವಣಗೆರೆ ಪೊಲೀಸರ 'ತುಂಗಾ' 2020ರಲ್ಲಿ ಕೊಲೆ ಪ್ರಕರಣವೊಂದರ ಜಾಡು ಹಿಡಿದು ಸುಮಾರು 12 ಕಿಲೋಮೀಟರ್ ಓಡಿದಾಗ ಪತ್ರಿಕೆಗಳಲ್ಲಿ ಅದರ ಫೋಟೊ ಬಂತು, ಜನ ಮೆಚ್ಚಿದರು. ನಾಯಿಯ ಸ್ವಭಾವ ಈ ನಡುವೆ ಬದಲಾದದ್ದಲ್ಲ, ಅದಕ್ಕೆ ಬೇರೆ ಕೆಲಸ ಸಿಕ್ಕಿತು.

ಇನ್ನು ನಿಮ್ಮ ಎದುರು ಮನೆಯದು. ರಾಟ್‌ವೀಲರ್ ಹೆಸರು ಬಂದದ್ದು ಜರ್ಮನಿಯ ರಾಟ್‌ವೈಲ್ ಎಂಬ ಊರಿನಿಂದ. ಅಲ್ಲಿನ ಕಟುಕರು ದನ ಹೊಡೆದುಕೊಂಡು ಹೋಗಲು, ಮಾಂಸದ ಗಾಡಿ ಎಳೆಸಲು ಇವನ್ನು ಸಾಕುತ್ತಿದ್ದರು. ಪಿಟ್‌ಬುಲ್ ಚರಿತ್ರೆ ಇದಕ್ಕಿಂತ ಕರಾಳ. ಇಂಗ್ಲೆಂಡಿನಲ್ಲಿ ಕಟ್ಟಿಹಾಕಿದ ಗೂಳಿಯ ಮೇಲೆ ನಾಯಿ ಬಿಟ್ಟು ನೋಡುವ ಮೋಜನ್ನು 1835ರಲ್ಲಿ ಕಾನೂನು ನಿಲ್ಲಿಸಿತು. ಚಟ ಹತ್ತಿದವರು ನಾಯಿಗೆ ನಾಯಿಯನ್ನೇ ಎದುರಿಡಲು ಶುರುಮಾಡಿದರು. ಬುಲ್‌ಡಾಗ್ ಮತ್ತು ಟೆರಿಯರ್ ಬೆರೆತ ಈ ನಾಯಿಗಳು ಅಮೆರಿಕಕ್ಕೂ ಹೋದವು. ಹಾಗಾಗಿ ಪಿಟ್‌ಬುಲ್‌ನಲ್ಲಿ ಬೇರೆ ನಾಯಿಗಳ ಮೇಲೆ ಬೀಳುವ ಸ್ವಭಾವ ಹೆಚ್ಚು ಎಂದು ಹೇಳಿದರೆ ಅದು ಅಪಪ್ರಚಾರವಲ್ಲ. ಅದರ ದವಡೆ ಬೀಗ ಬಿದ್ದಂತೆ ಸಿಕ್ಕಿಕೊಳ್ಳುತ್ತದೆ ಎಂಬುದು ಮಾತ್ರ ಶುದ್ಧ ಸುಳ್ಳು. ಅದರ ಬಾಯಿಯ ರಚನೆ ಎಲ್ಲ ನಾಯಿಗಳಂತೆಯೇ ಇದೆ. ಹಿಡಿದದ್ದನ್ನು ಬಿಡದ ಹಟ ಜಾಸ್ತಿ.

ಹಾಗಾದರೆ ತಳಿಯಲ್ಲಿ ಏನೂ ಇಲ್ಲವೇ? ಇದೆ. ಕುರಿ ಅಟ್ಟುವ ತಳಿಯ ಮರಿ ಯಾರೂ ಕಲಿಸದೆಯೇ ಮಕ್ಕಳನ್ನು ಸುತ್ತುವರಿದು ಒಂದು ಕಡೆ ಕೂಡಿಹಾಕಲು ನೋಡುತ್ತದೆ. ಮುಧೋಳ ನಾಯಿ ಓಡುವ ಮೊಲವನ್ನು ಕಂಡರೆ ಯಜಮಾನನ ಕೂಗು ಕೇಳಿಸಿಕೊಳ್ಳುವುದಿಲ್ಲ. ನೂರಾರು ವರ್ಷ ಆರಿಸಿ ಆರಿಸಿ ಬೆಳೆಸಿದ್ದು ಎಲ್ಲಿಗೆ ಹೋಗುತ್ತದೆ? ಆದರೆ ಅದರ ಪಾಲು ನಾವಂದುಕೊಂಡಷ್ಟು ದೊಡ್ಡದಲ್ಲ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 18,000ಕ್ಕೂ ಹೆಚ್ಚು ನಾಯಿಗಳ ವರ್ತನೆಯ ವಿವರ ಸಂಗ್ರಹಿಸಿ, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ವಂಶವಾಹಿಯನ್ನು ಓದಿಸಿತು. ಒಂದು ನಾಯಿಗೂ ಇನ್ನೊಂದಕ್ಕೂ ವರ್ತನೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು 9 ಶೇಕಡಾ ಮಾತ್ರ ಎಂದು ಅದರಲ್ಲಿ ಕಂಡುಬಂತು. ನಾಯಿ ಎಷ್ಟು ಬೇಗ ಕೆರಳುತ್ತದೆ ಎಂಬುದನ್ನು ತಳಿ ನೋಡಿ ಹೇಳುವುದಂತೂ ತೀರಾ ಕಷ್ಟ.

ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ, 2008ರಲ್ಲಿ, ಮನುಷ್ಯರ ಮೇಲೆ ಹೆಚ್ಚು ರೇಗುವ ತಳಿಗಳ ಮೊದಲ ಸಾಲಿನಲ್ಲಿ ಬಂದವು ಯಾವುವು ಗೊತ್ತೇ? ಡ್ಯಾಶ್‌ಹಂಡ್, ಚಿವಾವಾ. ಮೊಣಕಾಲೆತ್ತರಕ್ಕೂ ಬಾರದವು. ಇದನ್ನು ಕೇಳಿದೊಡನೆ ರಾಟ್‌ವೀಲರ್ ಪಕ್ಷದವರು ಗೆದ್ದೆವು ಎಂದು ಕುಣಿಯುತ್ತಾರೆ. ಕುಣಿಯಬೇಕಾಗಿಲ್ಲ. ಚಿವಾವಾ ಕಚ್ಚಿದರೆ ಬಟ್ಟೆ ಹರಿದೀತು, ಚರ್ಮ ಗೀರೀತು. ದೊಡ್ಡ ನಾಯಿ ಒಂದೇ ಸಲ ಕಚ್ಚಿದರೂ ಮಗುವಿನ ಮುಖ ಹೋಗುತ್ತದೆ. ಎಷ್ಟು ಸಲ ಕಚ್ಚುತ್ತದೆ ಎಂಬುದೂ ಕಚ್ಚಿದರೆ ಏನಾಗುತ್ತದೆ ಎಂಬುದೂ ಬೇರೆ ಬೇರೆ ಲೆಕ್ಕ. ನಾಯಿಪ್ರೇಮಿಗಳು ಮೊದಲನೆಯದನ್ನಷ್ಟೇ ಹೇಳುತ್ತಾರೆ, ಟಿವಿಯವರು ಎರಡನೆಯದನ್ನಷ್ಟೇ ತೋರಿಸುತ್ತಾರೆ. ನಿಮ್ಮ ಭಯ ಎರಡನೆಯ ಲೆಕ್ಕದ್ದು. ಅದು ಐವತ್ತು ಕಿಲೋದ ಯಾವ ನಾಯಿಗೂ ಸಲ್ಲಬೇಕಾದ ಭಯ, ಅದರ ಕೊರಳಲ್ಲಿ ಯಾವ ಹೆಸರೇ ತೂಗಾಡುತ್ತಿರಲಿ.

ನಾಯಿ ಕಚ್ಚಿ ಸಾವು ಸಂಭವಿಸಿದ ಪ್ರಕರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿದವರಿದ್ದಾರೆ. ಅಮೆರಿಕದಲ್ಲಿ 2000ದಿಂದ 2009ರವರೆಗೆ ಇಂಥ 256 ಸಾವುಗಳನ್ನು ಪಶುವೈದ್ಯಕೀಯ ಸಂಶೋಧಕರು ಪರಿಶೀಲಿಸಿದರು. ಬಿಡಿಸಲು ಶಕ್ತರಾದ ಇನ್ನೊಬ್ಬರು ಹತ್ತಿರ ಇಲ್ಲದಿದ್ದದ್ದು 87 ಶೇಕಡಾ ಪ್ರಕರಣಗಳಲ್ಲಿ. ಸತ್ತವರಿಗೂ ಆ ನಾಯಿಗೂ ಒಡನಾಟ ಇಲ್ಲದಿದ್ದದ್ದು 85 ಶೇಕಡಾದಲ್ಲಿ. ನಾಯಿಗೆ ಸಂತಾನಹರಣ ಚಿಕಿತ್ಸೆ ಆಗದಿದ್ದದ್ದು 84 ಶೇಕಡಾದಲ್ಲಿ. ಮನೆಯವರ ನಡುವೆ ಬೆಳೆಯದೆ ಕಟ್ಟಿಹಾಕಿಸಿಕೊಂಡೋ ಕೂಡಿಹಾಕಿಸಿಕೊಂಡೋ ಬೆಳೆದ ನಾಯಿ 76 ಶೇಕಡಾದಲ್ಲಿ. ಸತ್ತವರಲ್ಲಿ ಮುಕ್ಕಾಲುಪಾಲು ಜನ ತಮ್ಮನ್ನು ತಾವು ಕಾಪಾಡಿಕೊಳ್ಳಲಾರದ ಎಳೆಯರು, ಅಶಕ್ತರು. ಇಂಥ ನಾಲ್ಕಾರು ಸಂಗತಿಗಳು ಒಂದೇ ಮನೆಯಲ್ಲಿ ಕೂಡಿಬಂದಾಗ ಸಾವು ಬಂದಿದೆ. ನಾಯಿಯ ತಳಿಯನ್ನು ನಂಬಿಕೆಯಿಂದ ಗುರುತಿಸಲು ಸಾಧ್ಯವಾದದ್ದಾದರೋ 18 ಶೇಕಡಾಕ್ಕಿಂತ ಕಡಿಮೆ ಪ್ರಕರಣಗಳಲ್ಲಿ! ಪತ್ರಿಕೆಗಳಲ್ಲಿ ಮಾತ್ರ ಪ್ರತಿ ಸುದ್ದಿಗೂ ಒಂದು ತಳಿಯ ಹೆಸರು ಇದ್ದೇ ಇತ್ತು.

2022ರ ಜುಲೈನಲ್ಲಿ ಲಖನೌದಲ್ಲಿ 82 ವರ್ಷದ ನಿವೃತ್ತ ಶಿಕ್ಷಕಿಯೊಬ್ಬರು ಮಗ ಸಾಕಿದ್ದ ಪಿಟ್‌ಬುಲ್ ಕಚ್ಚಿ ತೀರಿಕೊಂಡರು. ಆ ಹೊತ್ತಿಗೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಪಿಟ್‌ಬುಲ್ ಎಂಬ ಹೆಸರು ನಮ್ಮ ದೇಶದ ಮನೆಮನೆಗೆ ತಲುಪಿದ್ದು ಆ ವಾರ. ಅದೇ ವಾರ ದೇಶದಲ್ಲಿ ಎಷ್ಟು ಸಾವಿರ ಜನ ನಾಯಿ ಕಡಿತಕ್ಕೆ ಸೂಜಿ ಚುಚ್ಚಿಸಿಕೊಂಡರೋ, ಅದು ಸುದ್ದಿಯಲ್ಲ. 2024ರಲ್ಲಿ ದೇಶದಲ್ಲಿ ಸುಮಾರು 37 ಲಕ್ಷ ನಾಯಿ ಕಡಿತಗಳು ದಾಖಲಾದವು ಎಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿದೆ. ಆ ರಾಶಿಯಲ್ಲಿ ವಿದೇಶಿ ಪಟ್ಟಿಯ ನಾಯಿಗಳನ್ನು ಹುಡುಕಿ ತೆಗೆಯಬೇಕು.

ಹೆಸರು ಕಣ್ಣನ್ನೂ ಕೆಡಿಸುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ನಾಯಿಗಳ ಆಶ್ರಯಧಾಮಗಳ ಸಿಬ್ಬಂದಿಗೆ, ಪಶುವೈದ್ಯರೂ ಸೇರಿದಂತೆ, 120 ನಾಯಿಗಳನ್ನು ತೋರಿಸಿ ತಳಿ ಕೇಳಿದರು. ಒಬ್ಬರಲ್ಲ ಒಬ್ಬರು 'ಪಿಟ್‌ಬುಲ್' ಎಂದದ್ದು 62 ನಾಯಿಗಳಿಗೆ. ಡಿಎನ್ಎ ಪರೀಕ್ಷೆಯಲ್ಲಿ ಆ ರಕ್ತ ಸಿಕ್ಕಿದ್ದು 25ರಲ್ಲಿ. ಅರಿಜೋನಾದ ಸಂಶೋಧಕರು ಕಂಡದ್ದು ಇನ್ನೂ ಸ್ವಾರಸ್ಯದ್ದು: ನೋಡಲು ಒಂದೇ ಥರ ಇರುವ ನಾಯಿಗಳಲ್ಲಿ ಪಿಟ್‌ಬುಲ್ ಎಂಬ ಚೀಟಿ ಅಂಟಿಸಿಕೊಂಡದ್ದು ಮನೆ ಸಿಗದೆ ಮೂರು ಪಟ್ಟಿಗೂ ಹೆಚ್ಚು ಕಾಲ ಧಾಮದಲ್ಲೇ ಕೊಳೆಯಿತು. ಅದೇ ನಾಯಿಯನ್ನು ಒರಟು ಗಂಡಸಿನ ಬದಲು ಅಜ್ಜಿಯೊಬ್ಬರ ಪಕ್ಕ ನಿಲ್ಲಿಸಿ ಫೋಟೊ ತೋರಿಸಿದರೆ ಜನರ ಅಭಿಪ್ರಾಯ ಮೆತ್ತಗಾಯಿತು. ನಮ್ಮಲ್ಲಂತೂ ವಂಶದ ದಾಖಲೆಯಿಲ್ಲದೆ 'ಪಿಟ್‌ಬುಲ್ ಮರಿ' ಎಂದು ಮಾರುವವರು ಎಷ್ಟು ಮಂದಿ! ಕೊಳ್ಳುವವರಿಗೆ ಬೇಕಾದದ್ದು ಆ ಹೆಸರೇ.

ಎದುರು ಮನೆಯ ಹುಡುಗನ ಮಾತಿನ ದುರ್ಬಲ ಜಾಗ ಇರುವುದೂ ಇಲ್ಲಿಯೇ. 'ಎಲ್ಲಾ ಸಾಕುವವರ ಕೈಯಲ್ಲಿ' ಎಂದರೆ, ಭಯಂಕರ ಎಂದು ಹೆಸರಾದ ನಾಯಿಯನ್ನು ಸಾಕಲು ಬರುವವರು ಯಾರು ಎಂದೂ ಕೇಳಬೇಕಾಗುತ್ತದೆ. ಹೆಸರು ಕೆಟ್ಟಷ್ಟೂ ಆ ಹೆಸರಿಗಾಗಿಯೇ ಬರುವ ಗಿರಾಕಿಗಳು ಹೆಚ್ಚುತ್ತಾರೆ. ದಪ್ಪ ಸರಪಳಿ, ಮುಳ್ಳಿನ ಬೆಲ್ಟು, ರಸ್ತೆಯಲ್ಲಿ ಜನ ದಾರಿ ಬಿಡುವುದನ್ನು ನೋಡುವ ಖುಷಿ. ಮರಿಯಾಗಿದ್ದಾಗ ಜನರ ಮೇಲೆ ಛೂ ಬಿಟ್ಟು ನಕ್ಕು, ಬೆಳೆದ ಮೇಲೆ ಹಿಡಿಯಲಾರದೆ ತಾರಸಿಗೆ ಕಟ್ಟುತ್ತಾರೆ. ಮೇಲೆ ಹೇಳಿದ 256 ಸಾವುಗಳ ಲಕ್ಷಣಗಳೆಲ್ಲ ಇಂಥ ಮನೆಯಲ್ಲಿ ತಾವಾಗಿಯೇ ಒಟ್ಟುಗೂಡುತ್ತವೆ. ಮೈಕೆಲ್ ವಿಕ್ ಎಂಬ ಅಮೆರಿಕನ್ ಫುಟ್‌ಬಾಲ್ ಆಟಗಾರನ ನಾಯಿಕಾಳಗದ ಅಡ್ಡೆಯಿಂದ 2007ರಲ್ಲಿ ಸುಮಾರು ಐವತ್ತು ಪಿಟ್‌ಬುಲ್‌ಗಳನ್ನು ವಶಪಡಿಸಿಕೊಂಡರು. ಕೊಲ್ಲುವುದೊಂದೇ ದಾರಿ ಎಂದವರು ಬಹಳ ಮಂದಿ. ತಜ್ಞರು ಒಂದೊಂದನ್ನೂ ಪರೀಕ್ಷಿಸಿ, ಆಕ್ರಮಣ ಸ್ವಭಾವದ ಕಾರಣಕ್ಕೆ ಕೊಲ್ಲಬೇಕೆಂದು ಹೇಳಿದ್ದು ಒಂದೇ ಒಂದನ್ನು. ಉಳಿದವುಗಳಲ್ಲಿ ಎಷ್ಟೋ ನಾಯಿಗಳು ಮನೆ ಸೇರಿದವು. ಅವುಗಳನ್ನು ಹಿಂಸಿಸಿದ ಮನುಷ್ಯ ಜೈಲು ಸೇರಿದ.

ಬೇರೆ ದೇಶಗಳು ಪಟ್ಟಿ ಮಾಡಿ ನೋಡಿವೆ. ಬ್ರಿಟನ್ 1991ರಲ್ಲಿ ನಾಲ್ಕು ಬಗೆಯ ನಾಯಿಗಳನ್ನು ನಿಷೇಧಿಸಿತು. ನಂತರ ಎಕ್ಸ್ಎಲ್ ಬುಲ್ಲಿ ಎಂಬ ಇನ್ನೂ ದೊಡ್ಡ ಗಾತ್ರದ ಹೊಸ ಬಗೆ ಬಂತು; 2023ರ ಕೊನೆಯಲ್ಲಿ ಅದನ್ನೂ ಪಟ್ಟಿಗೆ ಸೇರಿಸಬೇಕಾಯಿತು. ಇಟಲಿ ಉದ್ದದ ಪಟ್ಟಿ ಮಾಡಿ, ಮೊಟಕುಗೊಳಿಸಿ, 2009ರಲ್ಲಿ ಅದನ್ನು ಕೈಬಿಟ್ಟು ಸಾಕುವವರ ಹೊಣೆಯ ನಿಯಮ ತಂದಿತು. ಅಮೆರಿಕದ ಡೆನ್ವರ್ ನಗರದ ಮತದಾರರು ಮೂವತ್ತು ವರ್ಷಗಳ ಪಿಟ್‌ಬುಲ್ ನಿಷೇಧವನ್ನು 2020ರಲ್ಲಿ ತೆಗೆದುಹಾಕಿದರು.

ಕೆಟ್ಟ ಹೆಸರಿನ ಬಗ್ಗೆ ಇಷ್ಟು ಹೇಳಿದ ಮೇಲೆ ಒಳ್ಳೆಯ ಹೆಸರಿನ ಬಗ್ಗೆಯೂ ಹೇಳಬೇಕು. ನನ್ನ ಚಿಕಿತ್ಸಾಲಯಕ್ಕೆ ಬರುವ ಮನೆಗಳಲ್ಲಿ ನನಗೆ ಹೆಚ್ಚು ಕಳವಳವಾಗುವುದು ರಾಟ್‌ವೀಲರ್ ಮನೆಯಲ್ಲಲ್ಲ, 'ನಮ್ಮ ಲ್ಯಾಬ್ರಡಾರ್ ಪಾಪದ್ದು ಡಾಕ್ಟ್ರೇ' ಎನ್ನುವ ಮನೆಯಲ್ಲಿ. ಪಾಪದ್ದು ಎಂದು ಮಗು ಅದರ ಬೆನ್ನೇರುತ್ತದೆ, ಊಟದ ತಟ್ಟೆಗೆ ಕೈ ಹಾಕುತ್ತದೆ, ಮಲಗಿದ್ದಾಗ ಕಿವಿ ಜಗ್ಗುತ್ತದೆ. ನಾಯಿ ಮುಖ ತಿರುಗಿಸುತ್ತದೆ, ಆಕಳಿಸುತ್ತದೆ, ತುಟಿ ನೆಕ್ಕುತ್ತದೆ, ಕಣ್ಣಿನ ಬಿಳಿಗುಡ್ಡೆ ಕಾಣುವಂತೆ ಓರೆಯಾಗಿ ನೋಡುತ್ತದೆ. ಇವೆಲ್ಲ 'ಸಾಕು' ಎನ್ನುವ ಸೂಚನೆಗಳು. ಮನೆಯವರು ವಿಡಿಯೊ ಮಾಡುತ್ತಿರುತ್ತಾರೆ. ಕೊನೆಗೆ ಅದು ಗುರ್ ಎಂದರೆ ಒಂದು ಏಟು. ಗುರುಗುಟ್ಟಿದ್ದಕ್ಕೆ ಏಟು ತಿಂದ ನಾಯಿ ಮುಂದಿನ ಸಲ ಗುರುಗುಟ್ಟದೆಯೇ ಕಚ್ಚುತ್ತದೆ. 'ಬೊಗಳುವ ನಾಯಿ ಕಚ್ಚುವುದಿಲ್ಲ' ಎಂಬ ನಮ್ಮ ಗಾದೆಯನ್ನು ನಂಬಿ ಕಚ್ಚಿಸಿಕೊಂಡವರನ್ನೂ ನೋಡಿದ್ದೇನೆ. ಬಾಲ ಅಲ್ಲಾಡಿಸಿದರೆ ಖುಷಿ ಎಂಬುದೂ ಪೂರ್ತಿ ನಿಜವಲ್ಲ. ಮೈ ಸೆಟೆದು, ಬಾಲ ಮೇಲೆತ್ತಿ ಬಿಗಿಯಾಗಿ ಆಡಿಸುತ್ತಿದ್ದರೆ ದೂರ ಸರಿಯಬೇಕು. ಬೀದಿನಾಯಿ ವಿರಳವಾದ ದೇಶಗಳಲ್ಲಿ ಮಕ್ಕಳನ್ನು ಕಚ್ಚುವುದು ಬಹುಪಾಲು ಮನೆಯ ನಾಯಿ ಅಥವಾ ಪರಿಚಯದ ನಾಯಿಯೇ.

ಈಗ ನಿಮ್ಮ ಎದುರು ಮನೆಗೆ ಬರೋಣ. 'ಇದುವರೆಗೆ ಏನೂ ಮಾಡಿಲ್ಲ' ಎಂದಿದ್ದೀರಿ. ವರ್ಷದ ನಾಯಿಯ ವಿಷಯದಲ್ಲಿ ಆ ಮಾತಿಗೆ ಹೆಚ್ಚು ಬೆಲೆಯಿಲ್ಲ, ಕ್ಷಮಿಸಿ. ರಾಟ್‌ವೀಲರ್‌ನಂಥ ದೊಡ್ಡ ತಳಿಗಳಲ್ಲಿ ಮೈ ಬೇಗ ಬೆಳೆಯುತ್ತದೆ, ಮನಸ್ಸು ನಿಧಾನ. ಒಂದೂವರೆ ವರ್ಷದಿಂದ ಮೂರು ವರ್ಷದೊಳಗೆ ಅದರ ವಯಸ್ಕ ಸ್ವಭಾವ ಗಟ್ಟಿಯಾಗುತ್ತದೆ. ಇದು ನನ್ನ ಜಾಗ, ಇವರು ನನ್ನವರು, ಅವರು ಅನ್ಯರು ಎಂಬ ಕಾವಲುಬುದ್ಧಿ ತಲೆಯೆತ್ತುವುದು ಆಗ. ಮರಿಯಾಗಿ ಎಲ್ಲರ ಕೈ ನೆಕ್ಕುತ್ತಿದ್ದದ್ದು ಎರಡನೆಯ ವರ್ಷದಲ್ಲಿ ಬಾಗಿಲ ಬಳಿ ಗಂಭೀರವಾಗುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಆದ್ದರಿಂದ ಮಾತಾಡಬೇಕಾದ ಕಾಲ ಇದೇ, ಏನಾದರೂ ಆದ ಮೇಲಲ್ಲ.

ಆ ಹುಡುಗನ ಬಳಿ ಹೋಗಿ, ಜಗಳಕ್ಕಲ್ಲ, ಕೆಲವು ವಿಷಯ ಕೇಳಿ. ಮರಿಯನ್ನು ತಂದಾಗ ಅದಕ್ಕೆ ಎಷ್ಟು ವಾರ? ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎಂದು 2017ರ ನಾಯಿ ಸಂತಾನಾಭಿವೃದ್ಧಿ ನಿಯಮಗಳು ಹೇಳುತ್ತವೆ. ಬೇಗ ತಾಯಿಯಿಂದ ಬಿಡಿಸಿದ ಮರಿ ಬಾಯಿಯ ಬಲ ಎಷ್ಟಿರಬೇಕೆಂದು ಒಡಹುಟ್ಟಿದವುಗಳಿಂದ ಕಲಿತಿರುವುದಿಲ್ಲ. ಸುಮಾರು ಮೂರನೆಯ ವಾರದಿಂದ ಹದಿನಾಲ್ಕನೆಯ ವಾರದವರೆಗೆ ಅದು ಮಕ್ಕಳು, ಮುದುಕರು, ಹೆಲ್ಮೆಟ್ ಹಾಕಿದವರು, ಛತ್ರಿ ಹಿಡಿದವರು ಎಲ್ಲರನ್ನೂ ಕಂಡಿತ್ತೇ? ಸಂತಾನಹರಣ ಚಿಕಿತ್ಸೆ, ರೇಬೀಸ್ ಲಸಿಕೆ, ಪಾಲಿಕೆಯ ಪರವಾನಗಿ ಆಗಿವೆಯೇ? ಹಗಲೆಲ್ಲ ಅದು ಎಲ್ಲಿರುತ್ತದೆ? ನಾಯಿ ಹಠಾತ್ತನೆ ಮುಂದೆ ನುಗ್ಗಿದರೆ ಮನೆಯಲ್ಲಿ ಯಾರು ಯಾರು ಅದನ್ನು ಹಿಡಿದು ನಿಲ್ಲಿಸಬಲ್ಲರು? ಅವನ ಅಮ್ಮನಿಗೋ ತಂಗಿಗೋ ಅದು ಸಾಧ್ಯವಿಲ್ಲದಿದ್ದರೆ ಅವರು ಅದನ್ನು ಹೊರಗೆ ತರಬಾರದು. ಒಳ್ಳೆಯ ಸಾಕುವವನಿಗೆ ಈ ಪ್ರಶ್ನೆಗಳಿಂದ ಸಿಟ್ಟು ಬರುವುದಿಲ್ಲ. ಅರ್ಧ ಗಂಟೆ ಉತ್ತರ ಹೇಳುತ್ತಾನೆ, ನಿಮಗೇ ಸಾಕಾಗುವಷ್ಟು.

ಸಂಘದ ಸಭೆಯಲ್ಲಿ 'ರಾಟ್‌ವೀಲರ್ ಬೇಡ' ಎಂಬ ಠರಾವು ತರಬೇಡಿ, ಅದು ನಿಲ್ಲುವುದಿಲ್ಲ. ಎಲ್ಲ ನಾಯಿಗಳಿಗೂ ಅನ್ವಯಿಸುವ ಕ್ರಮ ಕೇಳಿ: ಹೊರಗೆ ಬಂದಾಗ ಗಿಡ್ಡ ಬೆಲ್ಟು, ಅದನ್ನು ಹಿಡಿದವರು ವಯಸ್ಕರು, ಲಿಫ್ಟಿನಲ್ಲಿ ಯಾರಾದರೂ ಇದ್ದರೆ ನಾಯಿಯವರು ಮುಂದಿನದಕ್ಕೆ ಕಾಯುವುದು, ಮಕ್ಕಳು ಆಡುವ ಹೊತ್ತಿನಲ್ಲಿ ಆ ಜಾಗಕ್ಕೆ ತಾರದಿರುವುದು. ಲಿಫ್ಟಿನಷ್ಟು ಇಕ್ಕಟ್ಟಿನಲ್ಲಿ ದೊಡ್ಡ ನಾಯಿಗೆ ಬುಟ್ಟಿಯಾಕಾರದ ಬಾಯಿಕುಕ್ಕೆ ಹಾಕುವಂತೆ ವಿನಂತಿಸಬಹುದು. ಅದು ಶಿಕ್ಷೆಯಲ್ಲ, ಅದರೊಳಗೆ ನಾಯಿ ಬಾಯಿ ತೆರೆದು ತೇಕಬಹುದು, ನೀರು ಕುಡಿಯಬಹುದು. ಬಾಯಿಯನ್ನು ಬಿಗಿದು ಕಟ್ಟುವ ಬಟ್ಟೆಯ ಪಟ್ಟಿ ಮಾತ್ರ ಬೇಡವೇ ಬೇಡ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ಏಪ್ರಿಲ್ ಬಿಸಿಲಲ್ಲಿ ಅದು ಜೀವಕ್ಕೇ ಅಪಾಯ. (ನಮ್ಮ ಸೆಕೆಯಲ್ಲಿ ಹಸ್ಕಿ, ಸೇಂಟ್ ಬರ್ನಾರ್ಡ್ ಸಾಕುವವರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಆಗ ಇಷ್ಟು ಸಮಾಧಾನ ಇರಲಾರದು.)

ಮಗನಿಗೆ ಹೇಳಿಕೊಡಬೇಕಾದದ್ದು ಸ್ವಲ್ಪವೇ. ನಾಯಿ ಕಂಡರೆ ಓಡಬಾರದು, ಕಿರುಚಬಾರದು. ಕೈ ಮೈಗೆ ಅಂಟಿಸಿ, ನೆಲ ನೋಡುತ್ತಾ ಮರದಂತೆ ನಿಂತುಬಿಡಬೇಕು. ಬಿದ್ದರೆ ಮುದುಡಿ, ಕತ್ತು ಕಿವಿಗಳನ್ನು ಕೈಯಿಂದ ಮುಚ್ಚಿಕೊಳ್ಳಬೇಕು. ಯಜಮಾನ ಹೂಂ ಎನ್ನದೆ ಯಾವ ನಾಯಿಯನ್ನೂ ಮುಟ್ಟಬಾರದು. ಹೂಂ ಎಂದರೂ ತಲೆಯ ಮೇಲಿಂದ ಕೈ ತರಬಾರದು, ಅಪ್ಪಿಕೊಳ್ಳಬಾರದು. ಇದು ಬೀದಿನಾಯಿಗೂ ಅಜ್ಜನ ಮನೆಯ ನಾಯಿಗೂ ಒಂದೇ. ಯಾವ ನಾಯಿ ಕಚ್ಚಿದರೂ, ಲಸಿಕೆ ಹಾಕಿಸಿದ ಸಾಕುನಾಯಿಯೇ ಆದರೂ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ.

ಹುಡುಗ ನಿಮ್ಮ ಪ್ರಶ್ನೆಗಳನ್ನು ನಗೆಯಾಡಿ ತಳ್ಳಿಹಾಕಿದರೆ, ನಾಯಿಯನ್ನು ಬಾಲ್ಕನಿಯಲ್ಲೇ ಕಟ್ಟಿ ಬೆಳೆಸುತ್ತಿದ್ದರೆ, ಬೆಲ್ಟಿಲ್ಲದೆ ಮೆಟ್ಟಿಲಲ್ಲಿ ಬಿಡುತ್ತಿದ್ದರೆ, ಆಗ ಸುಮ್ಮನಿರಬೇಡಿ. ದಿನಾಂಕ ಸಹಿತ ಸಂಘಕ್ಕೆ ಬರೆದುಕೊಡಿ, ಪಾಲಿಕೆಯ ಪಶುವೈದ್ಯಾಧಿಕಾರಿಗೆ ಒಂದು ಪ್ರತಿ ಕಳಿಸಿ. ತನ್ನ ವಶದಲ್ಲಿರುವ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದ ನಿರ್ಲಕ್ಷ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಸೆಕ್ಷನ್ ಆರು ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ದೂರಿನಲ್ಲಿ ತಳಿಯ ಹೆಸರನ್ನು ದೊಡ್ಡದಾಗಿ ಬರೆಯುವ ಬದಲು, ಯಾವ ದಿನ ಎಷ್ಟು ಹೊತ್ತಿಗೆ ನಾಯಿಯನ್ನು ಎಲ್ಲಿ ಬಿಟ್ಟಿದ್ದರು, ಅದನ್ನು ಯಾರು ಹಿಡಿದಿದ್ದರು ಎಂಬುದನ್ನು ಬರೆಯಿರಿ. ಅಧಿಕಾರಿಗಳು ಕ್ರಮ ಕೈಗೊಳ್ಳಲು ಆಧಾರವಾಗುವುದು ಆ ವಿವರಗಳೇ.